ಕಲ್ಲು ಸಾಗಿಸಬೇಡಿ, ಓದಿಸಿ



ಲಕ್ಕುಂಡಿಯಲ್ಲಿ ಉತ್ಖನನ ಶುರುವಾದಂದಿನಿಂದ ನಮ್ಮ ಜಿಲ್ಲೆಯಲ್ಲಿ ವಸ್ತುಸಂಗ್ರಹಾಲಯದ ಮಾತು ಜೋರಾಗಿದೆ. ಬಯಲು ವಸ್ತುಸಂಗ್ರಹಾಲಯ, ಪ್ರವಾಸಿಗರಿಗೆ ಸೌಕರ್ಯ, ಒಳ್ಳೆಯ ರಸ್ತೆ, ಎಲ್ಲವೂ ಬರಲಿ. ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ ಊರಿಗೆ ಅಷ್ಟು ಗೌರವ ಸಲ್ಲಲೇಬೇಕು. ಆದರೆ ಇದರ ಬೆನ್ನಿಗೇ ಇನ್ನೊಂದು ಸಲಹೆಯೂ ಕಿವಿಗೆ ಬೀಳುತ್ತಿದೆ: ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಬಿಡಿ ಶಾಸನ, ವೀರಗಲ್ಲುಗಳನ್ನೂ ಅಲ್ಲಿಗೇ ತಂದು ನಿಲ್ಲಿಸಿದರೆ ನೋಡುವವರಿಗೆ ಅನುಕೂಲ ಎಂದು. ಇದನ್ನು ನಾನು ಒಪ್ಪಲಾರೆ. ಕಾರಣ ಹೇಳುವ ಮೊದಲು ನಡೆದದ್ದೊಂದನ್ನು ಹೇಳಬೇಕು.

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ನಮ್ಮ ಸೀಮೆಯ ಒಂದು ಹಳೆಯ ಗುಡಿಗೆ ಹೋಗಿದ್ದೆ. ಅಂಗಳದಲ್ಲಿ ಆಳೆತ್ತರದ ಶಾಸನಕಲ್ಲು. ನೆತ್ತಿಯಲ್ಲಿ ಸೂರ್ಯ, ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲೂಡಿಸುವ ಆಕಳು. ಕೆಳಗಿನ ಅರ್ಧದ ಅಕ್ಷರಗಳೆಲ್ಲ ಸುಣ್ಣದಲ್ಲಿ ಮುಚ್ಚಿಹೋಗಿದ್ದವು. ಕಲ್ಲಿಗೆ ಆನಿಸಿ ಯಾರೋ ಸೈಕಲ್ ನಿಲ್ಲಿಸಿದ್ದರು. ಹುಡುಗಿ ಒಂದು ಸಾಲಿನ ಮೇಲೆ ಬೆರಳಾಡಿಸುತ್ತ, "ಅಜ್ಜಾ, ಇದರಾಗ ಏನ್ ಬರದಾರ?" ಎಂದಳು. ಮೂವತ್ತು ವರ್ಷ ಕನ್ನಡ ಕಲಿಸಿದವನು ನಾನು, ನನಗೆ ಹೇಳಲಾಗಲಿಲ್ಲ. ಪಕ್ಕದ ಫಲಕದಲ್ಲಿ ಹಾಳುಮಾಡಿದವರಿಗೆ ಶಿಕ್ಷೆ ಎಂಬ ಎಚ್ಚರಿಕೆ ಇತ್ತು. ಕಲ್ಲು ಏನು ಹೇಳುತ್ತದೆ ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ.

ನನ್ನೂರು ಲಕ್ಷ್ಮೇಶ್ವರ, ಅಂದರೆ ಹಿಂದಿನ ಪುಲಿಗೆರೆ. ತನ್ನ ಕಾವ್ಯದ ಭಾಷೆ ಈ ಊರಿನ ತಿರುಳ್ಗನ್ನಡವೆಂದು ಪಂಪ 941ರಲ್ಲೇ ಹೆಮ್ಮೆಯಿಂದ ಹೇಳಿಕೊಂಡ. ಇಲ್ಲಿನ ಶಾಸನಗಳಲ್ಲಿ ಒಂದನ್ನಾದರೂ ಪ್ರತಿಯೊಬ್ಬ ಲಕ್ಷ್ಮೇಶ್ವರದವನೂ ತಿಳಿದಿರಬೇಕು. ಸುಮಾರು 725ರದು, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಈ ಊರಿನ ಮಹಾಜನರಿಗೆ, ನಗರದವರಿಗೆ, ಹದಿನೆಂಟು ಪ್ರಕೃತಿಗಳಿಗೆ, ಅಂದರೆ ಊರಿನ ಎಲ್ಲ ವರ್ಗದವರಿಗೆ, ಬರೆದುಕೊಟ್ಟ ಆಚಾರವ್ಯವಸ್ಥೆ. ಅದರಲ್ಲಿ ಮನೆ ತೆರಿಗೆ ಇದೆ: ವೈಶಾಖದಲ್ಲಿ ಉತ್ತಮ ಮನೆಯವರು 10 ಪಣ, ಮಧ್ಯಮರು 7, ಅವರಿಗಿಂತ ಕೆಳಗಿನವರು 5, ತೀರಾ ಸಣ್ಣ ಮನೆಯವರು 3. ಉಳ್ಳವರಿಗೆ ಹೆಚ್ಚು, ಇಲ್ಲದವರಿಗೆ ಕಡಿಮೆ ಎಂಬ ಲೆಕ್ಕ 1300 ವರ್ಷದ ಹಿಂದೆಯೇ ನಮ್ಮ ಊರಲ್ಲಿ ಕಲ್ಲಿಗಿಳಿದಿತ್ತು. ಜನರ ಕರ್ತವ್ಯಕ್ಕೂ ಮೊದಲು ಅಲ್ಲಿ ಬರುವುದು ರಾಜಪುರುಷರ ಕರ್ತವ್ಯ. ಯಾರೂ ಇಲ್ಲದೆ ಬಿದ್ದ ಮನೆ, ದೊರೆಯ ದಾನ, ಊರಿನ ಕಟ್ಟಳೆ, ತಾಮ್ರಶಾಸನ, ಇವನ್ನೆಲ್ಲ ಅಧಿಕಾರಿಗಳು ಕಾಪಾಡಬೇಕು ಎಂದಿದೆ. ತಾಮ್ರಶಾಸನ ಎಂಬ ಮಾತು ಓದಿದಾಗ ನಾನು ಎದ್ದು ಕೂತೆ. ಹಳೆಯ ದಾಖಲೆಯನ್ನು ಉಳಿಸಿ ಎಂದು ಅಧಿಕಾರಿಗಳಿಗೆ ಆಗಲೇ ಆಜ್ಞೆಯಾಗಿದೆ.

ಇದನ್ನು ನಾನು ಓದಿದ್ದು ಎಲ್ಲಿ? ಲಂಡನ್ನಿನ ವಿದ್ವಾಂಸ ಎಲ್.ಡಿ. ಬಾರ್ನೆಟ್ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ. ಅದು ಅಚ್ಚಾಗಿ ನೂರು ವರ್ಷ ದಾಟಿತು. ನಮ್ಮೂರಿನ ಕಟ್ಟಳೆ ನಮಗೆ ಇಂಗ್ಲಿಷಿನಿಂದ ತಿಳಿಯಬೇಕಾಯಿತು.

ಹಾಗಾದರೆ ಕಲ್ಲನ್ನು ಕಟ್ಟಡದೊಳಗೆ ಇಟ್ಟರೆ ಓದುವವರು ಹುಟ್ಟುತ್ತಾರೆಯೇ? ಇಲ್ಲ, ಕಲ್ಲಿನ ಮಾತು ಅದು ನಿಂತ ಊರಲ್ಲೇ ಅರ್ಥವಾಗುವುದು. ದಂಬಳವನ್ನೇ ನೋಡಿ. ಹದಿನಾರು ಸೆಟ್ಟಿಗಳು ಸೇರಿ ಕಟ್ಟಿಸಿದ ಬೌದ್ಧ ವಿಹಾರದ, ಅಲ್ಲಿದ್ದ ತಾರಾದೇವಿಯ ವಿಷಯವನ್ನು ಅಲ್ಲಿನ 1095ರ ಶಾಸನ ಹೇಳುತ್ತದೆ. ದೊಡ್ಡಬಸಪ್ಪನ ಗುಡಿಯ ನಕ್ಷತ್ರದಂಥ ಗೋಡೆ ನೋಡಲು ಬಂದವನಿಗೆ, ಇದೇ ಊರಲ್ಲಿ ಬುದ್ಧನಿಗೂ ಮನೆಯಿತ್ತು ಎಂದು ಅಲ್ಲೇ ತಿಳಿದರೆ ಊರು ಬೇರೆಯಾಗಿ ಕಾಣುತ್ತದೆ. ಬೆಟಗೇರಿಯ ವೀರಗಲ್ಲಿಗೂ ಇದೇ ಮಾತು. ಯಾವ ನೆಲಕ್ಕಾಗಿ ಆ ವೀರ ಸತ್ತನೋ ಆ ನೆಲದಿಂದ ಕಿತ್ತು ತಂದರೆ ಅದು ಬರೀ ಕೆತ್ತನೆ ಕೆಲಸ. ದಾನಶಾಸನವಂತೂ ಕೆರೆ, ಹೊಲ, ದಿಕ್ಕುಗಳ ಲೆಕ್ಕ ಹೇಳುತ್ತದೆ. ಲಾರಿಯಲ್ಲಿ ಐವತ್ತು ಕಿಲೋಮೀಟರ್ ಹೋದ ಮೇಲೆ ಮೂಡಣ ಯಾವುದು, ಪಡುವಣ ಯಾವುದು?

ಹೊಲದ ಬದುವಿನಲ್ಲಿ ಅನಾಥವಾಗಿ ಬಿದ್ದವು ಕಳುವಾಗುತ್ತವೆ ಎನ್ನುವ ಅಂಜಿಕೆ ನಿಜವಾದದ್ದು. ಅಂಥವಕ್ಕೆ ಆಯಾ ತಾಲ್ಲೂಕಿನಲ್ಲೇ ಒಂದು ಕೋಣೆ ಸಾಕು. ಲಕ್ಷ್ಮೇಶ್ವರದಲ್ಲಂತೂ ತುರ್ತಾಗಿ ಬೇಕು. ಉಳಿದವು ನಿಂತಲ್ಲೇ ನಿಲ್ಲಲಿ. ಸುಣ್ಣವನ್ನು ಗುಡಿಯವರು ಕೆರೆಯಬಾರದು, ಬಲ್ಲವರೇ ಬಿಡಿಸಲಿ. ಪಕ್ಕದಲ್ಲಿ ಇವತ್ತಿನ ಕನ್ನಡದಲ್ಲಿ, ಏಳನೆಯ ಇಯತ್ತೆಯ ಹುಡುಗಿಗೆ ಅರ್ಥವಾಗುವಂತೆ, ಯಾರು, ಯಾವಾಗ, ಏನು ಬರೆಸಿದರು ಎಂದು ಹತ್ತು ಸಾಲಿನ ಫಲಕ ಇರಲಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಹತ್ತಿರದಲ್ಲೇ ಇದೆ, ಅಲ್ಲಿ ಓದಬಲ್ಲವರಿದ್ದಾರೆ. ಒದ್ದೆ ಕಾಗದ ಹಾಸಿ, ಬ್ರಶ್ಶಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವುದನ್ನು ಹೈಸ್ಕೂಲ್ ಮಕ್ಕಳಿಗೆ ಒಮ್ಮೆ ತೋರಿಸಿದರೆ, ಹಳಗನ್ನಡದ ಪಾಠ ಬಾಯಿಪಾಠವಾಗಿ ಉಳಿಯುವುದಿಲ್ಲ.

ಹೊಸ ಕಟ್ಟಡಕ್ಕೆ ಬೇಕಾಗುವ ಹಣದ ಪಕ್ಕದಲ್ಲಿ ಈ ಕೆಲಸದ ಖರ್ಚು ಎಷ್ಟರದು? ಫಲಕದ ಕನ್ನಡವನ್ನು ತಿದ್ದಿ ಕೊಡಲು ನಾನೂ, ನನ್ನಂತೆ ನಿವೃತ್ತರಾದ ಇಬ್ಬರು ಮಾಸ್ತರರೂ ಸಂಬಳವಿಲ್ಲದೆ ಸಿದ್ಧರಿದ್ದೇವೆ. ಸಂಬಂಧಪಟ್ಟವರು ಕರೆದರೆ ನಾಳೆಯೇ ಬರುತ್ತೇವೆ.

— ನಿವೃತ್ತ ಕನ್ನಡ ಶಿಕ್ಷಕ, ಲಕ್ಷ್ಮೇಶ್ವರ