ಜಯಂತಿಗೆ ಡಿಜೆ ಬೇಕು, ಹುಡುಗನ ಕೂಲಿ ಮಾತ್ರ ಬೇಡವಾ?



ಏಪ್ರಿಲ್ 14 ಹತ್ತಿರ ಬಂತು ಅಂದರೆ ಹೆಬ್ಬಾಳ, ಆರ್.ಟಿ. ನಗರ, ಯಲಹಂಕ, ಯಶವಂತಪುರದ ಕಡೆ ನಮ್ಮ ಕಾಲೋನಿಗಳಲ್ಲಿ ಕಮಿಟಿ ಮೀಟಿಂಗ್ ಶುರು. ಶಾಮಿಯಾನಕ್ಕೆ ಇಷ್ಟು, ಫ್ಲೆಕ್ಸ್‌ಗೆ ಇಷ್ಟು, ಊಟಕ್ಕೆ ಇಷ್ಟು, ಹಾರಕ್ಕೆ ಇಷ್ಟು ಅಂತ ಬರೀತಾ ಹೋಗ್ತಾರೆ. ಡಿಜೆ ಅಂತ ಬಂದ ಕೂಡಲೇ ಪೆನ್ನು ನಿಲ್ಲುತ್ತೆ. "ಅವನು ನಮ್ಮ ಹುಡುಗಾನೇ ಬಿಡ್ರೀ, ಡೀಸೆಲ್‌ಗೆ ಏನಾದ್ರೂ ಕೊಟ್ರಾಯ್ತು." ಹುಡುಗ ಧೈರ್ಯ ಮಾಡಿ ರೇಟ್ ಹೇಳಿದನೋ, "ಏನಪ್ಪಾ, ಬಾಬಾಸಾಹೇಬರ ಕಾರ್ಯಕ್ರಮಕ್ಕೂ ದುಡ್ಡು ಕೇಳ್ತೀಯಾ?"

ಶಾಮಿಯಾನದವರಿಗೆ ಈ ಮಾತು ಯಾರೂ ಕೇಳಲ್ಲ. ಹೂವಿನವರಿಗೂ ಕೇಳಲ್ಲ.

ಡಿಜೆ ಅಂದರೆ ಲ್ಯಾಪ್‌ಟಾಪ್ ಮುಂದೆ ನಿಂತು ತಲೆ ಅಲ್ಲಾಡಿಸೋದು ಅಂತ ತಿಳ್ಕೊಂಡಿರೋರು ಈ ಲೆಕ್ಕ ನೋಡಿ. ಒಂದು ಮೆರವಣಿಗೆಗೆ 15,000 ರೂಪಾಯಿ ಮಾತಾಯ್ತು ಅಂತ ಇಟ್ಕೊಳ್ಳಿ. ನಮ್ಮ ಹುಡುಗರಲ್ಲಿ ಎಷ್ಟೋ ಜನರಿಗೆ ಸ್ವಂತ ಸೆಟ್ ಇಲ್ಲ, ಸೌಂಡ್ಸ್ ಅಂಗಡಿಯಿಂದ ಬಾಡಿಗೆಗೆ ತರಬೇಕು. ಸೆಟ್‌ಗೆ 7,000, ಟೆಂಪೋಗೆ 2,000, ಜನರೇಟರು ಡೀಸೆಲ್ಲಿಗೆ 2,500, ಬಾಕ್ಸ್ ಎತ್ತಿ ಇಳಿಸೋ ಇಬ್ಬರಿಗೆ 800ರಂತೆ 1,600. ಉಳಿದಿದ್ದು 1,900. ಹಿಂದಿನ ದಿನದ ಓಡಾಟ, ಆ ದಿನದ ದುಡಿಮೆ, ಮಾರನೇ ದಿನ ಸೆಟ್ ವಾಪಸ್ ಕೊಡೋದು, ಎಲ್ಲಾ ಸೇರಿ ಅವನ ಕೂಲಿ ಅಷ್ಟೇ. ಈಗ ನಮ್ಮ ಮುಖಂಡರು ಹೆಗಲ ಮೇಲೆ ಕೈ ಹಾಕಿ "ಒಂದು ಮೂರು ಸಾವಿರ ಕಮ್ಮಿ ಮಾಡ್ಕೊಳೋ" ಅಂತಾರೆ. ಟೆಂಪೋದವನು ಕಮ್ಮಿ ಮಾಡಲ್ಲ, ಬಂಕ್‌ನವನು ಕಮ್ಮಿ ಮಾಡಲ್ಲ. ಆ ಮೂರು ಸಾವಿರ ಹೋಗೋದು ಪೂರ್ತಿ ಹುಡುಗನ ಪಾಲಿನಿಂದ. 1,900 ಹೋಗಿ, ಮೇಲೆ 1,100 ಕೈಯಿಂದ ಹಾಕಬೇಕು. ನಾವು ಅಂದ್ಕೊಳ್ಳೋದು ಐದರಲ್ಲಿ ಒಂದು ಪಾಲು ಇಳಿಸಿದ್ವಿ ಅಂತ.

ಇದು ಹೊಸದಾ? ನಮ್ಮ ಅಜ್ಜಂದಿರು ಊರಹಬ್ಬಕ್ಕೂ ಊರವರ ಸಾವಿಗೂ ತಮಟೆ ಬಾರಿಸಿದರು. ರೇಟ್ ಹೇಳೋ ಹಕ್ಕು ಅವರಿಗಿರಲಿಲ್ಲ. ಸುಗ್ಗಿಲಿ ಕಣದಲ್ಲಿ ಹಾಕಿದಷ್ಟು ಕಾಳು, ಹಬ್ಬದ ದಿನ ಒಂದು ಊಟ, ಅದೂ ದೂರದಲ್ಲಿ ಕೂರಿಸಿ. ಬಾರಿಸಲ್ಲ ಅಂದಿದ್ದಕ್ಕೆ ಬಹಿಷ್ಕಾರ ಹಾಕಿಸ್ಕೊಂಡ ಕೇರಿಗಳಿವೆ. ಹೆಬ್ಬಾಳದಿಂದ ಬಳ್ಳಾರಿ ರೋಡ್ ಹಿಡಿದು ಮೇಲಕ್ಕೆ ಹೋದರೆ ಚಿಕ್ಕಬಳ್ಳಾಪುರ ಜಿಲ್ಲೆ. ಅಲ್ಲಿನ ಪಿಂಡಿಪಾಪನಹಳ್ಳಿಯ ತಮಟೆ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನಾವೆಲ್ಲಾ ಸ್ಟೇಟಸ್ ಹಾಕ್ಕೊಂಡ್ವಿ, ಸರಿ. ಅದೇ ಕೇರಿಯ ಮೊಮ್ಮಗ ತಮಟೆ ಬದಲು ಮಿಕ್ಸರ್ ಹಿಡಿದು ನಿಂತರೆ ಅವನಿಗೂ "ಊಟ ಮಾಡ್ಕೊಂಡು ಹೋಗಪ್ಪ" ಅನ್ನೋದಾ?

ಬಾಬಾಸಾಹೇಬರ ಹೆಸರು ಹೇಳಿ ಬಿಟ್ಟಿ ಕೆಲಸ ಮಾಡಿಸೋರು ಅವರು 1928ರಲ್ಲಿ ಏನು ಮಾಡಿದರು ಅಂತ ಒಮ್ಮೆ ಓದಬೇಕು. ವತನದ ಹೆಸರಲ್ಲಿ ಮಹಾರರನ್ನ ಹೊತ್ತು ಗೊತ್ತಿಲ್ಲದೆ ದುಡಿಸ್ತಿದ್ದರು, ಕೊಡ್ತಿದ್ದದ್ದು ಪುಡಿಗಾಸು ಮತ್ತು ಊರವರು ಕೊಡೋ ಕಾಳು. ಅದರ ವಿರುದ್ಧ ಅವರು ಮುಂಬೈ ವಿಧಾನ ಪರಿಷತ್ತಿನಲ್ಲಿ ಮಸೂದೆ ತಂದರು. ಕೆಲಸ ಯಾವುದು ಅಂತ ಗೊತ್ತುಪಡಿಸಿ, ಕಾಳಿನ ಬದಲು ದುಡ್ಡು ಕೊಡಿ ಅನ್ನೋದು ಅದರಲ್ಲಿದ್ದ ಮಾತು. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನ ನಿಷೇಧಿಸಿದೆ. ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಕೇಸಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸೋದೂ ಬಲವಂತದ ದುಡಿಮೆಯೇ ಅಂದಿತು. ಡಿಜೆ ಹುಡುಗನ ಮೇಲೆ ಕಾನೂನಿನ ಬಲವಂತ ಇಲ್ಲ, ನಿಜ. ಆದರೆ ಕಾಲೋನಿಯ ಹಿರಿಯರು ನಾಲ್ಕು ಜನ ಮನೆ ಮುಂದೆ ನಿಂತು ಕೇಳಿದಾಗ ಅವನು ಇಲ್ಲ ಅನ್ನೋಕಾಗುತ್ತಾ?

"ಸಮುದಾಯದ ಸೇವೆ ಅಲ್ವಾ" ಅನ್ನೋರಿಗೆ: ಸೇವೆ ಮಾಡಲಿ, ಆದರೆ ಅದನ್ನ ಅವನೇ ತೀರ್ಮಾನ ಮಾಡಲಿ. ಪೂರ್ತಿ ದುಡ್ಡು ಅವನ ಕೈಗೆ ಕೊಡಿ. ಇಷ್ಟ ಇದ್ದರೆ ಅದರಲ್ಲಿ ದೇಣಿಗೆ ಕೊಡ್ತಾನೆ, ರಸೀದಿ ಬರೀರಿ. 5,001 ಕೊಟ್ಟ ಕಾರ್ಪೊರೇಟರ್ ಆಕಾಂಕ್ಷಿಯ ಫೋಟೋ ಫ್ಲೆಕ್ಸ್ ಮೇಲೆ ಬರುತ್ತೆ, ಮೂರು ದಿನದ ದುಡಿಮೆ ಕೊಟ್ಟವನ ಹೆಸರು ಎಲ್ಲೂ ಇರಲ್ಲ. (ಆ ಕಾರ್ಪೊರೇಟರ್ ಎಲೆಕ್ಷನ್ನೂ ಎಷ್ಟು ವರ್ಷದಿಂದ ಮುಂದಕ್ಕೆ ಹೋಗ್ತಾನೇ ಇತ್ತು, ಅದು ಬೇರೆ ಮಾತು.)

ತಮ್ಮಂದಿರಿಗೂ ಒಂದು ಮಾತು. "ನೋಡಿ ಕೊಡಿ ಅಣ್ಣ" ಅನ್ನೋದು ಬಿಡಿ. ನೋಡಿ ಕೊಡೋರು ಯಾವತ್ತೂ ಕಮ್ಮೀನೇ ನೋಡ್ತಾರೆ. ಸೆಟ್, ಟೆಂಪೋ, ಡೀಸೆಲ್, ಹುಡುಗರು, ನಿಮ್ಮ ಕೂಲಿ ಅಂತ ಬೇರೆ ಬೇರೆ ಬರೆದು ವಾಟ್ಸಾಪ್‌ನಲ್ಲಿ ಕಳಿಸಿ. ಚೌಕಾಸಿಗೆ ಬಂದರೆ ರೇಟ್ ಇಳಿಸಬೇಡಿ, ಸಾಮಾನು ಇಳಿಸಿ: ಎರಡು ಬೇಸ್ ಕಮ್ಮಿ, ಲೈಟಿಂಗ್ಸ್ ಇಲ್ಲ. ಕೊನೇ ಪಕ್ಷ ಬಾಡಿಗೆ, ಡೀಸೆಲ್ ದುಡ್ಡಾದರೂ ಅಡ್ವಾನ್ಸ್ ತಗೊಳ್ಳಿ. ಅತಿಥಿಗಳು ಎರಡು ಗಂಟೆ ತಡ ಮಾಡಿದರೆ ಜನರೇಟರ್ ಕಾಯಲ್ಲ, ಆ ಡೀಸೆಲ್ ಯಾರದ್ದು ಅಂತ ಮೊದಲೇ ಮಾತಾಡಿ. ಪೊಲೀಸ್ ಪರ್ಮಿಷನ್ ತರೋದು ಕಮಿಟಿ ಕೆಲಸ, ಅದನ್ನೂ ಬರೆಸ್ಕೊಳ್ಳಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ರಸ್ತೆಲಿ ಸೌಂಡ್ ಹಾಕೋಹಾಗಿಲ್ಲ ಅಂತ 2000ದ ಶಬ್ದಮಾಲಿನ್ಯ ನಿಯಮವೇ ಇದೆ. "ಇನ್ನೊಂದೇ ಸಾಂಗ್ ಹಾಕೋ" ಅಂದೋರು ಪೊಲೀಸ್ ಜೀಪ್ ಬಂದಾಗ ಇರಲ್ಲ. ಸ್ಟೇಷನ್ನಿಗೆ ಹೋಗೋದು ಬಾಡಿಗೆ ಸೆಟ್ಟು, ಅದರ ದಿನದ ಬಾಡಿಗೆ ಕಟ್ಟೋನು ನೀನು.

ಈ ಸಲ ಕಮಿಟಿಗಳಲ್ಲಿ ಇರೋ ಬಂಧುಗಳು ಬಜೆಟ್ ಹಾಳೆಯಲ್ಲಿ ಶಾಮಿಯಾನದ ಕೆಳಗೇ ಡಿಜೆ ಅಂತ ಒಂದು ಸಾಲು ಬರೀರಿ, ಮೊತ್ತದ ಸಮೇತ. ರೇಟ್ ಹಾಳೆ ಹೇಗೆ ಬರೆಯೋದು ಗೊತ್ತಾಗದ ತಮ್ಮಂದಿರು ಇನ್‌ಬಾಕ್ಸ್‌ಗೆ ಬನ್ನಿ, ಗುಮಾಸ್ತನಿಗೆ ಅಷ್ಟು ಬರುತ್ತೆ. ಅದಕ್ಕೆ ಚಾರ್ಜ್ ಇಲ್ಲ, ನನಗೆ ತಿಂಗಳಾದ್ರೆ ಚೌಕಾಸಿ ಇಲ್ಲದೆ ಸಂಬಳ ಬರುತ್ತೆ.

ಜೈಭೀಮ್.