ಗಿರಾಕಿಯೇ ಗುರುವಾದಾಗ

ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಬಸವಕಲ್ಯಾಣದ ಸಸ್ತಾಪುರ ಬಂಗಲಾ ದಾಟಿ ಹುಮನಾಬಾದಿನತ್ತ ಸಾಗುವ ಲಾರಿ ನಡುವೆ ಕೆಟ್ಟು ನಿಂತರೆ ಚಾಲಕನು ಎದೆಗುಂದಬೇಕಾಗಿಲ್ಲ. ಸವೆದ ಪಿನ್ನನ್ನು ಕಣ್ಣಳತೆಯಲ್ಲಿಯೇ ನೋಡಿ, ಲೇತಿನ ಮೇಲೆ ಅದರ ಜೋಡಿಯನ್ನು ಕಡೆದು ಕೊಡಬಲ್ಲ ಕುಶಲಿಗಳು ಈ ಸೀಮೆಯಲ್ಲಿದ್ದಾರೆ. ಇಂಥ ಕೈಗಳಿರುವಾಗ ವಾಹನದ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಇಲ್ಲಿಂದಲೇ ಏಕೆ ಒದಗಿಸಬಾರದೆಂದು ಯಾರಿಗಾದರೂ ತೋರೀತು.

ಆದರೆ ರಿಪೇರಿಯ ವಿದ್ಯೆ ಬೇರೆ, ಪೂರೈಕೆಯ ವಿದ್ಯೆ ಬೇರೆ. ರಿಪೇರಿಗಾರನ ಪಿನ್ನು ಕಣ್ಣೆದುರಿನ ಒಂದು ರಂಧ್ರದಲ್ಲಿ ಕೂತರಾಯಿತು. ರಂಧ್ರ ಸವೆದು ಅಗಲವಾಗಿದ್ದರೆ ಪಿನ್ನನ್ನೂ ತುಸು ದಪ್ಪ ಮಾಡುವನು. ಅದೇ ಅವನ ಜಾಣ್ಮೆ. ಪೂರೈಕೆದಾರನ ಹತ್ತು ಸಾವಿರ ಪಿನ್ನುಗಳಾದರೋ ಅವನೆಂದೂ ಕಾಣದ ಹತ್ತು ಸಾವಿರ ರಂಧ್ರಗಳಲ್ಲಿ ಯಾವುದಕ್ಕಾದರೂ ಹೊಂದಬೇಕು. ಅಲ್ಲಿ ಕಣ್ಣಳತೆ ನಡೆಯದು. ನಕ್ಷೆ, ಮೈಕ್ರೋಮೀಟರು, ಗೇಜುಗಳೇ ನ್ಯಾಯಾಧೀಶರು. ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲು ತಪ್ಪಿದರೂ ಮಾಲು ಹಿಂದಿರುಗೀತು.

ಹಿಂದಿರುಗಿದ ಮಾಲು ತಾನಾಗಿ ಏನನ್ನೂ ಕಲಿಸದು. ಜಪಾನಿನ ಟೊಯೋಟಾ ಸಂಸ್ಥೆ ಇದನ್ನು ಬೇಗನೆ ಅರಿತಿತು. ಅದರ ಪೂರೈಕೆದಾರರ ಸಂಘವು 1943ರಲ್ಲಿಯೇ ‘ಕ್ಯೋಹೋಕೈ’ ಎಂಬ ಹೆಸರು ತಳೆದಿತ್ತು. ಮುಂದೆ ತಾಯಿಚಿ ಓನೊ ಅವರ ಶಿಷ್ಯರು ಪೂರೈಕೆದಾರರಲ್ಲಿಗೇ ಹೋಗಿ, ಯಂತ್ರದ ಬಳಿ ನಿಂತು, ‘ಏಕೆ?’ ಎಂದು ಐದು ಬಾರಿ ಕೇಳುವುದನ್ನು ಕಲಿಸಿದರು. ಪಿನ್ನು ದಪ್ಪವಾದುದೇಕೆ? ಲೇತಿನ ಟೂಲು ಸವೆದಿತ್ತು. ಅದು ತಿಳಿಯಲಿಲ್ಲವೇಕೆ? ಅಳತೆ ನೋಡಿದ್ದು ಸಂಜೆಗೆ ಮಾತ್ರ. ಹೀಗೆ ಕೇಳುತ್ತ ಹೋದರೆ ತಪ್ಪು ಕೆಲಸಗಾರನ ಕೈಯಲ್ಲಿಲ್ಲ, ಕೆಲಸದ ಕ್ರಮದಲ್ಲಿದೆಯೆಂದು ಹೊಳೆಯುತ್ತದೆ. ಬೈಗುಳದ ಶ್ರಮವೂ ಉಳಿಯುತ್ತದೆ!

ಟೊಯೋಟಾ ಬಿಡದಿಗೂ ಬಂದಿತು. 1999ರ ಕೊನೆಗೆ ಅಲ್ಲಿ ವಾಹನ ತಯಾರಿಕೆ ಆರಂಭವಾಯಿತು. ಆದರೆ ಬಸವಕಲ್ಯಾಣಕ್ಕೆ ಬಿಡದಿಯೆಂದರೆ ರಾಜ್ಯದ ಇನ್ನೊಂದು ತುದಿ. ಹತ್ತಿರದ ಗಿರಾಕಿಯನ್ನು ಹುಡುಕುವುದಾದರೆ ಅದೇ ಹೆದ್ದಾರಿಯಲ್ಲಿ ಪೂರ್ವಕ್ಕೆ ನಡೆದು ಗಡಿ ದಾಟಬೇಕು: ತೆಲಂಗಾಣದ ಜಹೀರಾಬಾದಿನಲ್ಲಿ ಮಹೀಂದ್ರಾ ಸಂಸ್ಥೆ 2013ರಲ್ಲಿ ಟ್ರ್ಯಾಕ್ಟರ್ ಕಾರ್ಖಾನೆಯನ್ನು ತೆರೆಯಿತು. ಹುಮನಾಬಾದಿನ ಲೇತಿನವನಿಗೆ ಅದು ಒಂದು ಹೊತ್ತಿನ ಪಯಣವೂ ಅಲ್ಲ.

ಗುರುವಿದ್ದಲ್ಲಿ ದಕ್ಷಿಣೆಯೂ ಉಂಟು. ಕಲಿತು ಉಳಿಸಿದ ಕಾಸನ್ನು ಮರುವರ್ಷವೇ ‘ಬೆಲೆ ಇಳಿಸು’ ಎಂದು ಕಸಿದುಕೊಳ್ಳುವ ಗಿರಾಕಿ ದ್ರೋಣನ ಸಂತತಿಯವನು. ಹೆಬ್ಬೆರಳು ಹೋದ ಮೇಲೆ ಬಿಲ್ಲು ಇದ್ದೇನು ಫಲ? ಆದಕಾರಣ ಮೊದಲ ಗೇಜಿನ ಖರ್ಚು ಯಾರದು, ಮೊದಲ ತಿಂಗಳುಗಳಲ್ಲಿ ಹಿಂದಿರುಗುವ ಮಾಲಿನ ನಷ್ಟ ಯಾರದು, ಉಳಿತಾಯದಲ್ಲಿ ಯಾರಿಗೆಷ್ಟು ಪಾಲು ಎಂಬುದನ್ನು ಗ್ಯಾರೇಜಿನ ಯಜಮಾನನು ಕರಾರಿಗೆ ಸಹಿ ಹಾಕುವ ಮುನ್ನವೇ ಬರೆಯಿಸಿಕೊಳ್ಳುವುದು ಲೇಸು.