ಲಿನಕ್ಸ್ ಉಚಿತ, ಅದರ ನಿರ್ವಹಣೆ ಉಚಿತವಲ್ಲ

ವ್ಯಾಪಾರದ ಲೆಕ್ಕಪತ್ರಗಳು ಕಿರ್ದಿ ಮತ್ತು ಖಾತೆ ಪುಸ್ತಕಗಳಿಂದ ಗಣಕಯಂತ್ರಕ್ಕೆ ವರ್ಗವಾಗಿ ಬಹುಕಾಲವಾಯಿತು. ನಿಪ್ಪಾಣಿ ತಾಲ್ಲೂಕಿನ ಬೋರಗಾಂವದಂತಹ ಗಡಿಭಾಗದ ಊರುಗಳಲ್ಲಿ ಈ ಅವಲಂಬನೆ ಇನ್ನೂ ಹೆಚ್ಚು. ಇಲ್ಲಿಂದ ಸಮೀಪದ ಇಚಲಕರಂಜಿಗೆ ಹೊರಟ ಸರಕು ರಾಜ್ಯದ ಗಡಿಯನ್ನೇ ದಾಟುತ್ತದೆ. ಜಾಬ್ ವರ್ಕ್‌ಗಾಗಿ ನೂಲನ್ನು ಅನ್ಯ ರಾಜ್ಯಕ್ಕೆ ಕಳುಹಿಸುವಾಗ ಅದರ ಮೌಲ್ಯ ಎಷ್ಟೇ ಇರಲಿ, ಇ-ವೇ ಬಿಲ್ ಕಡ್ಡಾಯವಾಗಿದೆ. ಬೆಳಿಗ್ಗೆ ಕಚೇರಿಯ ಗಣಕಯಂತ್ರ ಕೈಕೊಟ್ಟರೆ ಕಾಗದಪತ್ರಗಳು ಸಿದ್ಧವಾಗುವುದಿಲ್ಲ; ವಾಹನವು ಗೋದಾಮಿನ ಮುಂದೆ ಕಾಯಬೇಕಾಗುತ್ತದೆ. ಹೀಗಿದ್ದರೂ ಆ ಯಂತ್ರದ ಹೊಣೆ ಯಾರದು ಎಂಬ ಪ್ರಶ್ನೆಗೆ ಅನೇಕ ಸಣ್ಣ ಸಂಸ್ಥೆಗಳಲ್ಲಿ ನಿಶ್ಚಿತ ಉತ್ತರವಿಲ್ಲ.

ಈ ಪ್ರಶ್ನೆಯು ಈಗ ಮತ್ತಷ್ಟು ತುರ್ತಿನದಾಗಿದೆ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಹಲವು ಹಳೆಯ ಯಂತ್ರಗಳು ವಿಂಡೋಸ್ 11ರ ಅರ್ಹತಾ ನಿಯಮಗಳಿಗೆ ಹೊಂದುವುದಿಲ್ಲ. ಅವುಗಳನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಅಳವಡಿಸಬಹುದೆಂಬ ಸಲಹೆ ಸಹಜವಾಗಿಯೇ ಕೇಳಿಬರುತ್ತಿದೆ. ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂದು ಜಗತ್ತಿನ ಬೃಹತ್ ಸರ್ವರ್‌ಗಳನ್ನು ನಡೆಸುತ್ತಿದೆ. ಅದರ ಅನೇಕ ಆವೃತ್ತಿಗಳಿಗೆ ಪರವಾನಗಿ ಶುಲ್ಕವೇ ಇಲ್ಲ. ಖರ್ಚು ಉಳಿಸಬಯಸುವ ಉದ್ಯಮಿಗೆ ಇದು ಆಕರ್ಷಕ. ಆದರೆ ಉಳಿದ ಹಣದಲ್ಲಿ ಒಂದು ಪಾಲನ್ನು ನಿರ್ವಾಹಕನ ತರಬೇತಿಗೆ ತೆಗೆದಿರಿಸದಿದ್ದರೆ ಆ ಉಳಿತಾಯವು ಮೊದಲ ಅವಘಡದಲ್ಲಿಯೇ ಕರಗಿಹೋಗುತ್ತದೆ.

ಕಾನೂನಿನ ಅಪೇಕ್ಷೆ

ಗಣಕಯಂತ್ರದ ನಿರ್ವಹಣೆಯನ್ನು ಕೇವಲ ತಾಂತ್ರಿಕ ವಿಷಯವೆಂದು ಭಾವಿಸುವುದು ಸರಿಯಲ್ಲ. ಕೇಂದ್ರ ಜಿಎಸ್‌ಟಿ ನಿಯಮಗಳ 56ನೇ ನಿಯಮದಂತೆ, ವಿದ್ಯುನ್ಮಾನ ರೂಪದಲ್ಲಿ ಲೆಕ್ಕವಿಡುವವರು ತಿದ್ದಿದ ಅಥವಾ ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆಯನ್ನೂ ಇರಿಸಿಕೊಂಡಿರಬೇಕು. ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ಲೆಕ್ಕಪತ್ರ ನಾಶವಾದರೆ ಯುಕ್ತ ಕಾಲಾವಧಿಯಲ್ಲಿ ಅದನ್ನು ಮರಳಿ ಪಡೆಯಲು ಸಾಧ್ಯವಾಗುವಂತೆ ಬ್ಯಾಕಪ್ ಇರಬೇಕೆಂದು 57ನೇ ನಿಯಮ ಹೇಳುತ್ತದೆ. ಅಧಿಕಾರಿಗಳು ಕೇಳಿದಾಗ ಕಡತಗಳ ವಿವರ ಮತ್ತು ಅವುಗಳ ಪಾಸ್‌ವರ್ಡ್ ಒದಗಿಸಬೇಕೆಂದೂ ಅದೇ ನಿಯಮದಲ್ಲಿದೆ. ಕಂಪನಿಗಳಾಗಿ ನೋಂದಾಯಿತವಾದ ಸಂಸ್ಥೆಗಳ ಲೆಕ್ಕದ ತಂತ್ರಾಂಶದಲ್ಲಿ ತಿದ್ದುಪಡಿಗಳ ಜಾಡು ದಾಖಲಾಗುವ ವ್ಯವಸ್ಥೆಯು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ.

ಇಂತಹ ಪಾಸ್‌ವರ್ಡ್ ಸಂಸ್ಥೆಯ ಮಾಲೀಕನ ಬಳಿ ಇಲ್ಲದೆ, ಎರಡು ತಿಂಗಳಿಗೊಮ್ಮೆ ಬಂದು ಹೋಗುವ ಹೊರಗಿನ ಮೆಕ್ಯಾನಿಕ್‌ನ ಬಳಿ ಇದ್ದರೆ ನಿಯಮಪಾಲನೆ ಹೇಗೆ ಸಾಧ್ಯ? ತಿಜೋರಿಯ ಕೀಲಿಕೈಯನ್ನು ಯಾವ ವರ್ತಕನೂ ಪರಸ್ಥರ ಕೈಗೆ ಕೊಡುವುದಿಲ್ಲ. ತಿಜೋರಿಗಿಂತ ಹೆಚ್ಚಿನ ಬೆಲೆಯ ದಾಖಲೆಗಳಿರುವ ಸರ್ವರ್‌ನ ವಿಷಯದಲ್ಲಿ ಮಾತ್ರ ಈ ಎಚ್ಚರಿಕೆ ಕಾಣುವುದಿಲ್ಲ.

ನಿರ್ವಾಹಕನು ತಿಳಿದಿರಬೇಕಾದುದು

ಐದಾರು ಗಣಕಯಂತ್ರಗಳ ಕಚೇರಿಗೆ ಬೇಕಾದ ಜ್ಞಾನ ಅಪಾರವೇನಲ್ಲ. ಪ್ರತಿಯೊಬ್ಬ ನೌಕರನಿಗೂ ಪ್ರತ್ಯೇಕ ಖಾತೆ ತೆರೆಯುವುದು. ಯಾವ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ನಿಗದಿಪಡಿಸುವುದು. ಭದ್ರತಾ ಪರಿಷ್ಕರಣೆಗಳನ್ನು ಕಾಲಕಾಲಕ್ಕೆ ಅಳವಡಿಸುವುದು. ಸಾಂಬಾ ತಂತ್ರಾಂಶದ ಮೂಲಕ ವಿಂಡೋಸ್ ಯಂತ್ರಗಳೊಡನೆ ಕಡತಗಳನ್ನು ಹಂಚಿಕೊಳ್ಳುವುದು. ಪ್ರತಿ ರಾತ್ರಿ ತಾನಾಗಿಯೇ ಬ್ಯಾಕಪ್ ನಡೆಯುವಂತೆ ಮಾಡುವುದು. ವಿದ್ಯುತ್ ಹೋದಾಗ ಯುಪಿಎಸ್ ಸೂಚನೆಯಂತೆ ಸರ್ವರ್ ಸುರಕ್ಷಿತವಾಗಿ ಸ್ಥಗಿತಗೊಳ್ಳುವಂತೆ ಏರ್ಪಡಿಸುವುದು. ಲಾಗ್ ದಾಖಲೆಗಳನ್ನು ಓದಿ ದೋಷವನ್ನು ಗುರುತಿಸುವುದು. ಇಷ್ಟನ್ನು ಬಲ್ಲವನು ಸಣ್ಣ ಸಂಸ್ಥೆಗೆ ಸಾಕು.

ತಾನು ಬಳಸುತ್ತಿರುವ ಆವೃತ್ತಿಯ ಆಯುಷ್ಯವನ್ನೂ ಅವನು ತಿಳಿದಿರಬೇಕು. ಜನಪ್ರಿಯವಾಗಿದ್ದ ಸೆಂಟ್‌ಓಎಸ್ ಲಿನಕ್ಸ್ 8ರ ಬೆಂಬಲವು 2021ರ ಅಂತ್ಯಕ್ಕೆ ನಿಲ್ಲುವುದೆಂದು 2020ರ ಡಿಸೆಂಬರ್‌ನಲ್ಲಿ ಪ್ರಕಟವಾದಾಗ, ಅದನ್ನು ನಂಬಿದ್ದ ಕಚೇರಿಗಳಿಗೆ ಬೇರೆ ವ್ಯವಸ್ಥೆಗೆ ಸಾಗಲು ಉಳಿದದ್ದು ಸುಮಾರು ಒಂದು ವರ್ಷ ಮಾತ್ರ. ಉಚಿತವಾದುದು ಶಾಶ್ವತವಾದುದೆಂದು ಯಾರೂ ಭಾವಿಸಬಾರದು.

ಬ್ಯಾಕಪ್ ವಿಷಯದಲ್ಲಿ ಈ ಭಾಗದ ವರ್ತಕರಿಗೆ ಹೆಚ್ಚು ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಹರಿದಾಗ ಚಿಕ್ಕೋಡಿ ಮತ್ತು ನಿಪ್ಪಾಣಿ ಭಾಗದ ಹಲವು ಊರುಗಳು ನೀರಿನಲ್ಲಿ ನಿಂತವು. ಸರ್ವರ್ ಇರುವ ಮೇಜಿನ ಖಾನೆಯಲ್ಲಿಯೇ ಬ್ಯಾಕಪ್ ಡಿಸ್ಕ್ ಇದ್ದರೆ ಎರಡೂ ಒಟ್ಟಿಗೆ ಮುಳುಗುತ್ತವೆ. ಒಂದು ಪ್ರತಿ ಬೇರೆ ಸ್ಥಳದಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ ಇರಬೇಕು. ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ದಾಖಲೆಗಳನ್ನು ಮರಳಿ ಪಡೆದು ನೋಡಬೇಕು. ತಾಳೆ ನೋಡದ ಖಾತೆಯಂತೆ, ಪರೀಕ್ಷಿಸದ ಬ್ಯಾಕಪ್ ಕೂಡ ವಿಶ್ವಾಸಕ್ಕೆ ಅರ್ಹವಲ್ಲ.

ಕಾಸರಗೋಡಿನ ಶಾಲೆಗಳ ಪಾಠ

ಸಾಮಾನ್ಯ ನೌಕರರಿಗೆ ಲಿನಕ್ಸ್ ಕಷ್ಟವೆಂಬ ಭಾವನೆಗೆ ನೆರೆಯ ಕೇರಳವೇ ಉತ್ತರ ನೀಡಿದೆ. ಅಲ್ಲಿನ ಸರ್ಕಾರವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು ಮುಂದೆ ಶಾಲೆಗಳಲ್ಲಿ ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶವನ್ನು ನೆಲೆಗೊಳಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲಿಯೇ ಇರುವ ಪಠ್ಯಪುಸ್ತಕದ ನೆರವಿನಿಂದ ಲಿನಕ್ಸ್ ಯಂತ್ರಗಳಲ್ಲಿ ಅಭ್ಯಾಸ ಮಾಡುತ್ತಾರೆ.

ಈ ಯಶಸ್ಸಿಗೆ ಕಾರಣ ತಂತ್ರಾಂಶವು ಉಚಿತವಾಗಿದ್ದುದಷ್ಟೇ ಅಲ್ಲ. ಶಾಲೆಯ ಶಿಕ್ಷಕರಲ್ಲಿಯೇ ಒಬ್ಬರನ್ನು ಐಟಿ ಸಂಯೋಜಕರನ್ನಾಗಿ ನೇಮಿಸಿ ತರಬೇತಿ ನೀಡಲಾಯಿತು. ಅವರ ಬೆನ್ನಿಗೆ ಜಿಲ್ಲಾ ಮಟ್ಟದಲ್ಲಿ ಮಾಸ್ಟರ್ ಟ್ರೇನರ್‌ಗಳಿದ್ದರು. ಗಣಿತವನ್ನೋ ಭಾಷೆಯನ್ನೋ ಬೋಧಿಸುವ ಶಿಕ್ಷಕರು ಈ ಹೊಣೆಯನ್ನು ಹೊರಬಲ್ಲರಾದರೆ, ಟ್ಯಾಲಿಯಲ್ಲಿ ನುರಿತ ಕಚೇರಿಯ ಗುಮಾಸ್ತನು ಏಕೆ ಹೊರಲಾರನು?

ತರಬೇತಿಯ ಕ್ರಮ ಮಾತ್ರ ಸರಿಯಾಗಿರಬೇಕು. ತರಗತಿಯಲ್ಲಿ ಆದೇಶಗಳನ್ನು ಬಾಯಿಪಾಠ ಮಾಡಿಸಿ ಪ್ರಮಾಣಪತ್ರ ನೀಡುವುದರಿಂದ ಪ್ರಯೋಜನವಿಲ್ಲ. ರೆಡ್ ಹ್ಯಾಟ್ ಸಂಸ್ಥೆಯ ನಿರ್ವಾಹಕ ಪರೀಕ್ಷೆಯಲ್ಲಿ ಅಭ್ಯರ್ಥಿಯು ನಿಜವಾದ ಯಂತ್ರದಲ್ಲಿ ಕೆಲಸ ಮಾಡಿ ತೋರಿಸಬೇಕು. ಯಂತ್ರವನ್ನು ಮರುಚಾಲನೆ ಮಾಡಿದ ನಂತರವೂ ಅವನ ಕೆಲಸ ಉಳಿದಿರಬೇಕು. ಕಚೇರಿಯ ತರಬೇತಿಗೂ ಇದೇ ಮಾದರಿ ಯೋಗ್ಯ. ಒಂದು ಹಳೆಯ ಯಂತ್ರವನ್ನು ಅಭ್ಯಾಸಕ್ಕೆಂದೇ ಮೀಸಲಿಡಬೇಕು. ಅದನ್ನು ಕೆಡಿಸಿ, ಬ್ಯಾಕಪ್‌ನಿಂದ ಪುನಃ ನಿಲ್ಲಿಸುವಷ್ಟು ಕೈ ಪಳಗಿದ ಮೇಲೆಯೇ ನೌಕರನಿಗೆ ಸರ್ವರ್ ಒಪ್ಪಿಸಬೇಕು.

ಎರಡು ಆಕ್ಷೇಪಣೆಗಳು

ಟ್ಯಾಲಿಯು ವಿಂಡೋಸ್‌ಗಾಗಿ ರಚಿತವಾದುದು, ಆದ್ದರಿಂದ ಲಿನಕ್ಸ್ ಅಸಾಧ್ಯ ಎಂಬುದು ಮೊದಲ ಆಕ್ಷೇಪಣೆ. ಇದರಲ್ಲಿ ತಥ್ಯವಿದೆ, ಆದರೆ ಎಲ್ಲ ಯಂತ್ರಗಳನ್ನೂ ಏಕಕಾಲಕ್ಕೆ ಬದಲಿಸಬೇಕಾಗಿಲ್ಲ. ಟ್ಯಾಲಿ ನಡೆಯುವ ಯಂತ್ರವನ್ನು ಬೆಂಬಲವಿರುವ ವಿಂಡೋಸ್‌ನಲ್ಲಿಯೇ ಇರಿಸಿ, ಕಡತಗಳ ಸರ್ವರ್, ಬ್ಯಾಕಪ್ ಮತ್ತು ಪತ್ರವ್ಯವಹಾರದ ಯಂತ್ರಗಳನ್ನು ಲಿನಕ್ಸ್‌ಗೆ ತರಬಹುದು.

ತರಬೇತಿ ಪಡೆದವನು ಪುಣೆಗೋ ಬೆಂಗಳೂರಿಗೋ ಹೊರಟುಹೋಗುತ್ತಾನೆ ಎಂಬುದು ಎರಡನೆಯ ಆಕ್ಷೇಪಣೆ. ಇದು ನಿಜವಾದ ಭಯ. ತರಬೇತಿಯನ್ನೇ ನೀಡದಿರುವುದು ಇದಕ್ಕೆ ಪರಿಹಾರವಲ್ಲ. ಒಬ್ಬನ ಬದಲು ಇಬ್ಬರಿಗೆ ಕಲಿಸಬೇಕು. ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕ ಸಹಿತ ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ಲಿನಕ್ಸ್‌ನ ಸರ್ವಾಧಿಕಾರದ ಖಾತೆಯಾದ ರೂಟ್‌ನ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕನೇ ಇರಿಸಿಕೊಳ್ಳಬೇಕು. ರೂಟ್ ಅಧಿಕಾರವುಳ್ಳವನು ಯಾವ ಕಡತವನ್ನೂ ಅಳಿಸಬಲ್ಲನು. ಆದುದರಿಂದ ಲೆಕ್ಕದ ನಮೂದು ಮಾಡುವವನಿಗೂ ರೂಟ್ ಅಧಿಕಾರ ಉಳ್ಳವನಿಗೂ ನಡುವೆ ಸಾಧ್ಯವಾದಷ್ಟು ಅಂತರವಿರಬೇಕು. ಗುಮಾಸ್ತನೇ ಎರಡೂ ಕೆಲಸ ಮಾಡಬೇಕಾದಲ್ಲಿ ಬ್ಯಾಕಪ್‌ನ ಒಂದು ಪ್ರತಿ ಮಾಲೀಕನ ವಶದಲ್ಲಿರಲಿ.

ಒಟ್ಟುಗೂಡಿ ಮಾಡಬೇಕಾದ ಕೆಲಸ

ಪ್ರತಿ ಸಂಸ್ಥೆಯೂ ಪೂರ್ಣಾವಧಿಯ ನಿರ್ವಾಹಕನನ್ನು ನೇಮಿಸಿಕೊಳ್ಳಲಾರದು. ನಾಲ್ಕೈದು ಘಟಕಗಳು ಸೇರಿ ಒಬ್ಬ ಪರಿಣತನ ಸಂಬಳವನ್ನು ಹಂಚಿಕೊಳ್ಳಬಹುದು. ನಿತ್ಯದ ಕೆಲಸವನ್ನು ಆಯಾ ಕಚೇರಿಯ ತರಬೇತಾದ ನೌಕರನು ನಿರ್ವಹಿಸಬಹುದು. ಐಟಿಐಗಳಲ್ಲಿ ಕೋಪಾ ವೃತ್ತಿ ಶಿಕ್ಷಣ ಪಡೆದ ಯುವಕ ಯುವತಿಯರನ್ನು ಶಿಶಿಕ್ಷುಗಳಾಗಿ ತೆಗೆದುಕೊಳ್ಳಲು 1961ರ ಶಿಶಿಕ್ಷು ಕಾಯ್ದೆಯಲ್ಲಿ ಅವಕಾಶವಿದೆ. 2019ರ ತಿದ್ದುಪಡಿಯಂತೆ ನಾಲ್ಕು ಮಂದಿ ಕೆಲಸಗಾರರಿರುವ ಸಂಸ್ಥೆಯೂ ಶಿಶಿಕ್ಷುಗಳನ್ನು ತೆಗೆದುಕೊಳ್ಳಬಹುದು. 30 ಅಥವಾ ಹೆಚ್ಚು ಮಂದಿ ಇರುವಲ್ಲಿ ಇದು ಕಡ್ಡಾಯ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯು ತಿಂಗಳಿಗೆ 1,500 ರೂಪಾಯಿಗಳ ಮಿತಿಯಲ್ಲಿ ಭತ್ಯೆಯ ಶೇಕಡಾ 25ರಷ್ಟನ್ನು ಕೇಂದ್ರ ಸರ್ಕಾರ ಭರಿಸುವಂತೆ ರೂಪುಗೊಂಡಿದೆ.

ಚಿಕ್ಕೋಡಿ ಮತ್ತು ನಿಪ್ಪಾಣಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅವುಗಳ ಪ್ರಯೋಗಾಲಯಗಳನ್ನು ಭಾನುವಾರಗಳಂದು ಬಳಸಿಕೊಂಡು, ಸದಸ್ಯ ಸಂಸ್ಥೆಗಳ ನೌಕರರಿಗೆ ಕನ್ನಡದಲ್ಲಿ ಶಿಬಿರ ನಡೆಸುವ ಹೊಣೆಯನ್ನು ವಾಣಿಜ್ಯ ಮಂಡಳಿಗಳು ಹೊರಬಹುದು. ಮಗ್ಗಕ್ಕೆ ಎಣ್ಣೆ ಹಾಕುವವನನ್ನು ನೇಮಿಸದೆ ಯಾವ ಉದ್ಯಮಿಯೂ ಮಗ್ಗ ಕೂರಿಸುವುದಿಲ್ಲ. ಸರ್ವರ್ ಖರೀದಿಯ ಅಂದಾಜು ಪಟ್ಟಿಯಲ್ಲಿಯೂ ನಿರ್ವಾಹಕನ ತರಬೇತಿಗೆ ಒಂದು ಸಾಲು ಇರಲೇಬೇಕು.